ನನ್ನ ಕಿವಿ ಆರಿಸಿದ ಆಂಪ್ಲಿಫೈಯರ್

ಆಂಪ್ಲಿಫೈಯರ್ ಆರಿಸುವುದು ಏನು ಮಹಾ ಕೆಲಸ! ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷ ಶಬ್ದದ ಪಾಠ ಮಾಡಿದವನು ನಾನು. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಸಾಗುತ್ತದೆ, ಕಿವಿಯೊಳಗೆ ಹೊಕ್ಕು ಏನು ಮಾಡುತ್ತದೆ ಎಂಬುದನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವನು. ಹೀಗಾಗಿ ಮನೆಗೆ ಎರಡು ದೊಡ್ಡ ಸ್ಪೀಕರ್ ತಂದ ಮೇಲೆ, ಅವಕ್ಕೆ ದನಿಯ ಬಲ ಕೊಡುವ ಪೆಟ್ಟಿಗೆಯನ್ನು, ಅಂದರೆ ಇಂಟಿಗ್ರೇಟೆಡ್ ಆಂಪ್ಲಿಫೈಯರನ್ನು, ಬರೀ ಕಿವಿಯಿಂದಲೇ ಆರಿಸುತ್ತೇನೆಂದು ಸ್ಟಾಫ್‌ರೂಮಿನಲ್ಲಿ ಘೋಷಿಸಿಬಿಟ್ಟೆ.

ಮೂರು ತಿಂಗಳು ಮೊಬೈಲಿನಲ್ಲಿ ಅಧ್ಯಯನ ನಡೆಯಿತು. ಒಂದು ಆಂಪ್ಲಿಫೈಯರಿನ ದನಿ ಬೆಚ್ಚಗಂತೆ, ಇನ್ನೊಂದರದು ಒಣಗಲಂತೆ, ಮತ್ತೊಂದು ಹಾಡಿನ ಹಿಂದೆ ಕಡುಗಪ್ಪು ಮೌನ ಹಾಸುತ್ತದಂತೆ! ಬಲ್ಲವರ ಈ ಭಾಷೆ ನನ್ನ ಬಾಯಿಗೆ ಚೆನ್ನಾಗಿ ಹತ್ತಿತು.

"ಸುನಂದಾ, ನಮ್ಮ ಕುಕ್ಕರಿನ ಸೀಟಿ ಸ್ವಲ್ಪ ಒಣದನಿ ಅನಸ್ತದ," ಎಂದೆ ಒಂದು ದಿನ ಹೆಂಡತಿಗೆ.

"ಅದಿರಲಿ, ಎಷ್ಟ ಸೀಟಿ ಆದುವು ಅದನ್ನ ಹೇಳ್ರಿ," ಎಂದಳು.

ನಾನು ಎಣಿಸಿರಲಿಲ್ಲ. ಬೇಳೆ ಹೊತ್ತಿತು.

ಹುಮನಾಬಾದಿನ ರಫೀಕ್ ಭಾಯಿ ಮಿಕ್ಸರ್ ರಿಪೇರಿಯಿಂದ ಹಿಡಿದು ಮದುವೆಯ ಮೈಕ್‌ಸೆಟ್‌ವರೆಗೆ ಎಲ್ಲ ಬಲ್ಲ ಅಂಗಡಿಕಾರ. ನನ್ನ ಕಾಟ ತಾಳದೆ ಹೈದರಾಬಾದಿನಿಂದ ಎರಡು ಆಂಪ್ಲಿಫೈಯರ್ ತರಿಸಿದರು. ಒಂದು ಕಪ್ಪು, ಇನ್ನೊಂದು ಬೆಳ್ಳಿ ಬಣ್ಣದ್ದು. ಬೆಳ್ಳಿಯದಕ್ಕೆ ತೂಕವೂ ಎರಡು ಪಟ್ಟು, ಬೆಲೆಯೂ ಎರಡು ಪಟ್ಟು.

"ಎರಡೂ ಒಯ್ರಿ ಸರ್. ಆರಾಮ್ ಕೇಳ್ರಿ. ಪಸಂದ್ ಬಂದದ್ದು ಇಟ್ಕೋರಿ, ಇನ್ನೊಂದು ವಾಪಸ್ ಕೊಡ್ರಿ," ಎಂದರು.

ಬಸ್ಸಿನಲ್ಲಿ ಕಪ್ಪನ್ನು ಕಾಲಬುಡದಲ್ಲಿ, ಬೆಳ್ಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಂಡಕ್ಟರ್ ಬಂದು, "ಏನ್ರೀ ಇದು, ಗಿರಣಿ ಮೋಟಾರಾ?" ಎಂದ.

"ಇಂಟಿಗ್ರೇಟೆಡ್ ಆಂಪ್ಲಿಫೈಯರ್," ಎಂದೆ ಘನತೆಯಿಂದ.

"ಹಂಗಾದ್ರ ಲಗೇಜ್ ಟಿಕೇಟ್ ತಗೋರಿ."

ಬಸವಕಲ್ಯಾಣದಲ್ಲಿ ಇಳಿಯುವಾಗ ಎರಡೂ ತೊಡೆಗಳು ನನ್ನವು ಎನಿಸಲಿಲ್ಲ.

ಎರಡನ್ನೂ ಹೋಲಿಸಬೇಕಾದರೆ ದನಿ ಥಟ್ಟನೆ ಬದಲಾಗಬೇಕು. ಅದಕ್ಕೆ ನಾನೇ ಒಂದು ಹಲಗೆಗೆ ಸ್ವಿಚ್ ಕೂರಿಸಿ, ಎರಡೂ ಆಂಪ್ಲಿಫೈಯರಿನ ವೈರುಗಳನ್ನು ಅದರ ಮೂಲಕ ಸ್ಪೀಕರಿಗೆ ಜೋಡಿಸಿದೆ. ಮೇಲೆ ಒತ್ತಿದರೆ ಕಪ್ಪು, ಕೆಳಗೆ ಒತ್ತಿದರೆ ಬೆಳ್ಳಿ. ಮಾರುಕಟ್ಟೆಯಲ್ಲಿ ಇಂಥದ್ದು ಸಿಗುತ್ತದೆ ನಿಜ. ಆದರೆ ವಿಜ್ಞಾನದ ಮಾಸ್ತರು ಸ್ವಿಚ್ ಕೊಂಡು ತಂದರೆ ಊರು ಏನೆಂದೀತು?

ಭಾನುವಾರ ಪರೀಕ್ಷೆ. ಕೊಹಿನೂರು ಹಳ್ಳಿಯಲ್ಲಿ ಆಡು ಸಾಕಿಕೊಂಡಿರುವ ನಮ್ಮ ಮಾವ ಮಾಣಿಕಪ್ಪ, ಮಗಳನ್ನು ನೋಡಲು ಬಂದವರು, ಅನಿವಾರ್ಯವಾಗಿ ಶ್ರೋತೃಗಳಾದರು. ವಚನ ಗಾಯನ ಹಚ್ಚಿ ಸ್ವಿಚ್ ಮೇಲೆ ಒತ್ತಿದೆ.

"ಇದು ಕಪ್ಪು. ಕೇಳ್ರಿ, ಎಷ್ಟು ಒಣಗಲ ಅದ! ಇದಕ್ಕ ಆತ್ಮ ಇಲ್ಲ."

ಕೆಳಗೆ ಒತ್ತಿದೆ. ಕಣ್ಣು ಮುಚ್ಚಿದೆ. ಸುಳ್ಳು ಹೇಳಲಾರೆ, ಕಣ್ಣಂಚಿನಲ್ಲಿ ಒಂದು ಹನಿಯೂ ಬಂತು! "ಇದು ಬೆಳ್ಳಿ! ಹಾಡೋರು ನಮ್ಮ ಪಡಸಾಲ್ಯಾಗೇ ಕುಂತಂಗ ಇಲ್ಲೇನು?"

ಮಾವ ರುಮಾಲು ಸರಿಪಡಿಸಿಕೊಂಡರು. "ತಪ್ಪ ತಿಳೀಬ್ಯಾಡ್ರಿ ಅಳ್ಯಾವ್ರೆ. ನಲವತ್ತ ಆಡಿನ್ಯಾಗ ಯಾವುದು ಒದರ್ತು ಅಂತ ಬೆನ್ನ ತಿರುಗಿಸಿ ನಿಂತು ಹೇಳ್ತೇನಿ. ಇದು ಒಂದೇ ಆಡು ಎರಡ ಸಲ ಒದರಿದಂಗ ಅದ."

ನಾನು ಕರುಣೆಯಿಂದ ನಕ್ಕೆ. "ಇದಕ್ಕ ಅಭ್ಯಾಸ ಬೇಕ್ರಿ ಮಾವಾ."

ಸೋಮವಾರ ಶಾಲೆ ಮುಗಿಸಿ ಕಪ್ಪನ್ನು ಹೊತ್ತು ಹುಮನಾಬಾದಿಗೆ ಹೋದೆ. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಇಷ್ಟು ಜನ ಒಟ್ಟಿಗೆ ಸಿಕ್ಕರೆ ಮಾಸ್ತರಾದವನು ಸುಮ್ಮನಿರಲಾದೀತೇ? ಕಪ್ಪಿನ ಆತ್ಮಹೀನತೆಯ ಬಗ್ಗೆ ಒಂದು ಪೀರಿಯಡ್ ಪೂರ್ತಿ ಮಾತಾಡಿದೆ. ಮಿಕ್ಸರ್ ಜಾರ್ ಹಿಡಿದು ನಿಂತಿದ್ದ ಹೆಂಗಸೊಬ್ಬಳು ತನ್ನ ಜಾರನ್ನೇ ಅನುಮಾನದಿಂದ ನೋಡತೊಡಗಿದಳು. ಅಡಿಗೆಮನೆಗೆ ಕಪಾಟು ಮಾಡಿಸಲೆಂದು ಸುನಂದಾ ಕೂಡಿಸಿದ್ದ ದುಡ್ಡನ್ನು ನನ್ನದರ ಜೊತೆ ಸೇರಿಸಿ ಬೆಳ್ಳಿಯ ಬೆಲೆ ತೆತ್ತು ಬಂದೆ.

ಮನೆಗೆ ಬಂದವನೇ ಸುನಂದಾಳನ್ನು ಕೂರಿಸಿ ಸ್ವಿಚ್ ಕೆಳಗೆ ಒತ್ತಿದೆ. ಏನೂ ಕೇಳಲಿಲ್ಲ.

"ಇದೇ ಆ ಕಡುಗಪ್ಪು ಮೌನ," ಎಂದೆ. "ಹಾಡಿಗಿಂತ ಮೊದಲು ಬರ್ತದ."

ಐದು ನಿಮಿಷ ಕಳೆಯಿತು.

"ಹಾಡು ಹುಮನಾಬಾದಿಂದ ನಡಕೋತ ಬರಾಕತ್ತದೇನ್ರಿ?" ಎಂದಳು.

ಹಲಗೆ ತಿರುವಿ ನೋಡಿದೆ. ಸ್ವಿಚ್ಚಿನ ಎರಡೂ ಕಡೆಗೆ ಕಪ್ಪಿನ ವೈರನ್ನೇ ಜೋಡಿಸಿದ್ದೆ! ಬೆಳ್ಳಿ ನಮ್ಮ ಮನೆಗೆ ಬಂದಾಗಿನಿಂದ ಒಂದು ಸ್ವರವನ್ನೂ ಹೊರಡಿಸಿರಲಿಲ್ಲ. ನಾನು ಆತ್ಮವಿಲ್ಲವೆಂದು ಬೈದದ್ದೂ ಕಪ್ಪನ್ನೇ, ಕಣ್ಣೀರು ಹಾಕಿದ್ದೂ ಕಪ್ಪಿಗೇ!

ಸುನಂದಾ ನಗಲಿಲ್ಲ. "ನನ್ನ ಕಪಾಟು ಹೋತಲ್ರೀ," ಎಂದು ಒಳಗೆ ಹೋದಳು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ವೈರು ಸರಿಮಾಡಿದೆ. ಬೆಳ್ಳಿ ಹಾಡಿತು. "ನೋಡು, ಎಂಥಾ ಗಾಂಭೀರ್ಯ!" ಎಂದು ಅಡಿಗೆಮನೆಯತ್ತ ಕೂಗಿದೆ. ಪಾತ್ರೆಯ ಸಪ್ಪಳವೇ ಉತ್ತರ. ಮರುದಿನ ಮತ್ತೆ ಹುಮನಾಬಾದಿಗೆ ಓಡಿದೆ. ಬೆಳ್ಳಿಗೆ ಬದಲು ಕಪ್ಪನ್ನೇ ತಂದರೆ ಕಪಾಟಿನ ದುಡ್ಡಾದರೂ ಉಳಿದೀತು ಎಂದು.

"ರಫೀಕ್ ಭಾಯಿ, ಆ ಕಪ್ಪು..."

"ತೌಬಾ ತೌಬಾ! ಆತ್ಮ ಇಲ್ಲದ್ದು ನಿಮ್ಮಂಥೋರಿಗೆ ಹ್ಯಾಂಗ ಕೊಡ್ಲಿ ಸರ್?" ಎಂದು ಅವರು ಎದೆಯ ಮೇಲೆ ಕೈಯಿಟ್ಟರು. "ನಿಮ್ಮ ಮಾತ ಕೇಳಿ ಇವತ್ತ ಮುಂಜಾನೇನೇ ಹೈದರಾಬಾದಿಗೆ ವಾಪಸ್ ಕಳಿಸಿಬಿಟ್ಟೆ. ಬಂದ ಗಿರಾಕಿಗೋಳಿಗೆಲ್ಲ ನಿಮ್ಮ ಹೆಸರೇ ಹೇಳಾಕತ್ತೇನಿ."

ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಿರಾಕಿಯೊಬ್ಬ ಎದ್ದು ನಿಂತು, "ಇವರೇನ್ರಿ ಆ ಶಾಣ್ಯಾ ಮಾಸ್ತರ್ರು?" ಎಂದು ಕೈಮುಗಿದ. ಬಾಯಿ ಮುಚ್ಚಿದೆ.

ವಾರದ ನಂತರ ಸುನಂದಾ ಒಂದೇ ಮಾತು ಹೇಳಿದಳು: "ಒಮ್ಮೆ ದವಾಖಾನಿಗೆ ಹೋಗಿ ಕಿವಿ ತೋರಿಸ್ಕೊಂಡ ಬರ್ರಿ." ಸಿಟ್ಟು ಬಂದರೂ ಹೋದೆ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. ಆಮೇಲೆ ನರ್ಸನ್ನೂ ಕರೆದು ತೋರಿಸಿದರು.

"ಎಡಗಿವಿ ಪೂರಾ ಬಂದ್ ಆಗ್ಯದಲ್ರೀ! ಬಲಗಿವಿನೂ ಅರ್ಧ ಬಂದ್ ಅದ. ಏನ್ ಕೆಲಸ ನಿಮ್ದು?"

"ಶಿಕ್ಷಕ," ಎಂದೆ. ಯಾವ ವಿಷಯ ಎಂದು ಅವರು ಕೇಳಲಿಲ್ಲ. ದೇವರು ದೊಡ್ಡವನು.

ಕಿವಿಯಿಂದ ಅವರು ತೆಗೆದ ಗುಗ್ಗೆಯ ಗಾತ್ರವನ್ನು ಸಭ್ಯ ಓದುಗರ ಮುಂದೆ ವರ್ಣಿಸಲಾರೆ. ಮನೆಗೆ ಬಂದು ಆಂಪ್ಲಿಫೈಯರ್ ಹಚ್ಚಿದೆ. ಹಾಡಿಗಿಂತ ಮೊದಲೇ ಅದರೊಳಗಿಂದ ಗುಂಯ್ ಎಂದು ಜೇನುಗೂಡಿಗೆ ಕಲ್ಲು ಹೊಡೆದಂಥ ಶಬ್ದ!

"ಸುನಂದಾ, ಏನಿದು?"

"ವೈರ್ ಸರಿಮಾಡಿದ ದಿನದಿಂದ ಹಂಗೇ ಅದ. ನೀವು ಗಾಂಭೀರ್ಯ ಅಂದ್ರಿ, ನಾ ಸುಮ್ಮನಾದೆ."

ಎಲೆಕ್ಟ್ರಿಷಿಯನ್ ಬಂದು, ನಮ್ಮ ಮನೆಯ ಅರ್ಥಿಂಗ್ ವೈರು ಕಳಚಿದ್ದನ್ನು ಬಿಗಿಮಾಡಿದ. ಗುಂಯ್ ನಿಂತಿತು. ಈಗ ನನಗೆ ಎಲ್ಲವೂ ಕೇಳಿಸುತ್ತದೆ. ಗೋಡೆಯಾಚೆಯ ಮನೆಯವರ ಹತ್ತಿರ ಸುನಂದಾ ದನಿ ತಗ್ಗಿಸಿ ಈ ಕಥೆಯನ್ನೆಲ್ಲ ಹೇಳುವುದು, ನಡುನಡುವೆ ಅವರು ಬಿದ್ದುಬಿದ್ದು ನಗುವುದು, "ಇನ್ನೊಮ್ಮೆ ಹೇಳ್ರಿ ಅಕ್ಕಾ" ಎನ್ನುವುದು... ಎರಡೂ ಕಿವಿಗೆ, ಅತ್ಯಂತ ಸ್ಪಷ್ಟವಾಗಿ!