ರಜಾಯಿ ಹೊದ್ದ ಹಿಟ್ಟು

ಟೈಲರ್ ಅಂದು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಅದಕ್ಕೆ ಕಾರಣ ಹೆಂಡತಿಯ ಒಂದು ಫೋನು.

"ರೀ, ಅಮ್ಮ ಇವತ್ತು ಸಂಜೆ ಅಲ್ಲಿಗೆ ಬರ್ತಿದ್ದಾಳೆ."

"ಯಾರಮ್ಮ?"

"ಯಾರಮ್ಮ ಅಂದ್ರೆ? ನನ್ನಮ್ಮ. ನಿಮ್ಮತ್ತೆ."

ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ. ಅದನ್ನು ನುಂಗದೆ ಉಳಿದದ್ದೇ ದೊಡ್ಡದು.

ಹೆಂಡತಿ ಊರಲ್ಲಿರಲಿಲ್ಲ. ಟೈಲರನ ಅಕ್ಕ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರಿಂದ ಅವಳ ಆರೈಕೆಗೆಂದು ಹೋಗಿದ್ದಳು. ಬರುವುದು ಇನ್ನೂ ಒಂದು ತಿಂಗಳು.

"ನಾಳೆ ಈಸ್ಟರ್. ನೀವೊಬ್ರೇ ಇದ್ದೀರಿ, ಹೇಗಿದ್ದೀರೋ ಏನೋ ಅಂತ ನೋಡೋಕೆ ಬರ್ತಾಳೆ. ನಿಮ್ಮ ಕೈಲಿ ಏನೂ ಆಗಲ್ಲ ಅಂತ ಗೊತ್ತಾಯ್ತೋ, ಮುಗೀತು. ನಾನು ಬರೋವರೆಗೂ ಅಲ್ಲೇ ಠಿಕಾಣಿ ಹೂಡ್ತಾಳೆ. ನನ್ನಮ್ಮನ ಬುದ್ಧಿ ನನಗೆ ಗೊತ್ತಿಲ್ವೇ? ಹೇಗಾದ್ರೂ ಮಾಡಿ ಹಬ್ಬದ ಬನ್ನು ಮಾಡಿಡಿ. ಅದನ್ನ ನೋಡಿದ್ರೆ ಸಮಾಧಾನವಾಗಿ ಹೊರಟುಹೋಗ್ತಾಳೆ."

"ಬೇಕರಿಯಿಂದ ತಂದಿಟ್ರೆ?"

"ಮೂಸಿ ನೋಡಿ ಯಾವ ಬೇಕರಿ ಅಂತ ಹೇಳ್ತಾಳೆ."

ಅತ್ತೆ ಹೋದ ಸಲ ಬಂದು ಹತ್ತು ದಿನ ಉಳಿದಿದ್ದರು. ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ, "ಈ ಮೈಗೆ ಈ ಬಣ್ಣವೇ? ಯಾರಮ್ಮ ಹೇಳಿದ್ದು ನಿನಗೆ?" ಎಂದು ಕೇಳಿದ್ದರು. ಅವರಲ್ಲಿ ಅರ್ಧ ಜನ ಈಗ ಆ ಕಡೆಯ ಬೀದಿಯ ಟೈಲರ್ ಹತ್ತಿರ ಹೊಲಿಸುತ್ತಾರೆ. ಇನ್ನು ಒಂದು ತಿಂಗಳು ಉಳಿದರೆ ಮಿಷನ್ನಿಗೆ ಬಟ್ಟೆ ಹೊದಿಸಿ ದೀಪ ಹಚ್ಚಿಡುವುದೊಂದೇ ಬಾಕಿ.

ಟೈಲರ್ ಅಂಗಿಯ ತೋಳು ಮಡಚಿದ.

ಹೆಂಡತಿ ಫೋನಿನಲ್ಲಿ ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ಮೈದಾ, ಬೆಚ್ಚಗಿನ ಹಾಲು, ಬೆಣ್ಣೆ, ಮೊಟ್ಟೆ, ಸಕ್ಕರೆ, ಈಸ್ಟು. ಚಕ್ಕೆ ಲವಂಗ ಪುಡಿ ಮಾಡುವಾಗ ಬಂದ ಸೀನಿಗೆ ಕತ್ತರಿಸಿಟ್ಟಿದ್ದ ಕಿತ್ತಳೆಯ ಸಿಪ್ಪೆ ಅರ್ಧ ಹಾರಿಹೋಯಿತು. ಒಣದ್ರಾಕ್ಷಿಯ ತೊಟ್ಟುಗಳನ್ನು ಹಳೆಯ ಹೊಲಿಗೆ ಬಿಚ್ಚುವಷ್ಟೇ ನಾಜೂಕಾಗಿ ತೆಗೆದ. ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಸ್ವಲ್ಪ ಹೆಚ್ಚು ಬಿಡುವುದು ಅವನ ಅಭ್ಯಾಸ. ಇಲ್ಲೂ ಹಾಗೇ ಎಲ್ಲದರಲ್ಲೂ ಒಂದಿಷ್ಟು ಹೆಚ್ಚು, ಒಂದಿಷ್ಟು ಹೆಚ್ಚು ಎಂದು ಹಾಕಿ ನಾದಿ ಮುಗಿಸುವಷ್ಟರಲ್ಲಿ, ಇಡೀ ಬೀದಿಗೆ ಸಾಲುವಷ್ಟು ಹಿಟ್ಟು ದೊಡ್ಡ ಬೋಗುಣಿಯಲ್ಲಿ ಕೂತಿತ್ತು.

"ಈಗ ಬೆಚ್ಚಗಿರೋ ಜಾಗದಲ್ಲಿಡಿ" ಎಂದಳು ಹೆಂಡತಿ. "ಚಳಿ ತಾಗಿದ್ರೆ ಉಬ್ಬಲ್ಲ. ಬಾಗಿಲು ತೆಗೆದು ಹಾಕಿ ಮಾಡ್ಬೇಡಿ, ಗಾಳಿ ಬಿದ್ರೆ ಕುಸಿದುಹೋಗುತ್ತೆ."

ಬೆಟ್ಟದ ಮೇಲಿನ ಊರು, ಅಂದು ಮೈ ಕೊರೆಯುವ ಚಳಿ. ಇಡೀ ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಹಾಸಿಗೆ ಒಂದೇ. ಬೋಗುಣಿಗೆ ಶುಭ್ರವಾದ ಬಟ್ಟೆ ಮುಚ್ಚಿ, ಎತ್ತಿಕೊಂಡು ಹೋಗಿ ಹಾಸಿಗೆಯ ನಡುವೆ ಇಟ್ಟ. ವಾಲದಿರಲೆಂದು ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ದಿಂಬು. ಪಕ್ಕದಲ್ಲಿ ಬಿಸಿನೀರಿನ ಚೀಲ. ಮೇಲೆ ಅಂಗಡಿಯ ಚೂರುಬಟ್ಟೆಗಳಿಂದ ತಾನೇ ಹೊಲಿದ ದಪ್ಪ ರಜಾಯಿ. ಹೊದಿಸಿ ಮುಗಿಸಿದಾಗ ಯಾರೋ ಅಂಗಾತ ಮಲಗಿ ಗಾಢ ನಿದ್ದೆಯಲ್ಲಿರುವಂತೆ ಕಂಡಿತು.

ಮಧ್ಯಾಹ್ನ ಟೈಲರಿಗೆ ತಡೆಯಲಾಗಲಿಲ್ಲ. ಟೇಪು ಹಿಡಿದು ಬಂದು, ರಜಾಯಿಯೊಳಗೆ ಕೈ ತೂರಿಸಿ, ಬೋಗುಣಿಯ ಈ ಅಂಚಿನಿಂದ ಆ ಅಂಚಿಗೆ ಉಬ್ಬಿನ ಮೇಲೆ ಹಾಯಿಸಿ ಅಳತೆ ತೆಗೆದ.

"ಭೇಷ್! ಬೆಳಿಗ್ಗೆ ಹೊಟ್ಟೆಯೇ ಇರ್ಲಿಲ್ಲ, ಈಗ ನೋಡು! ಇನ್ನೊಂಚೂರು ಉಬ್ಬು ತಾಯಿ. ಅತ್ತೆ ಬರೋದ್ರೊಳಗೆ ಎಲ್ಲಾ ಮುಗಿದುಹೋಗ್ಲಿ. ನನ್ನ ಮಾನ ನಿನ್ನ ಕೈಲಿದೆ."

ಪಕ್ಕದ ಮನೆಯಾಕೆ ಆ ಹೊತ್ತಿಗೆ ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲರ ಮನೆಯ ಕಿಟಕಿಯೂ ತನ್ನದೆಂದೇ ತಿಳಿದಿದ್ದ ಆಕೆಗೆ ಬೀದಿಯವರು ಇಟ್ಟ ಹೆಸರು ಕಿಟಕಿ ಅಕ್ಕ. ಮಾತು ಕಿವಿಗೆ ಬಿತ್ತು, ಕಣ್ಣು ಗಾಜಿನ ಮೇಲೆ ಬಿತ್ತು, ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿನ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳುವ ವ್ಯವಧಾನವೂ ಇಲ್ಲದೆ ಎದುರು ಮನೆಯ ನರ್ಸಮ್ಮನ ಬಾಗಿಲಿಗೆ ಓಡಿದಳು.

"ನರ್ಸಮ್ಮ, ಟೈಲರ್ ಮನೇಲಿ ಯಾರೋ ತುಂಬಿದ ಬಸುರಿ ಮಲಗಿದ್ದಾಳೆ!"

"ಹೆಂಡ್ತಿ ಊರಲ್ಲಿಲ್ವಲ್ಲೇ?"

"ಅಯ್ಯೋ, ಅದಕ್ಕೇ ಅಲ್ವಾ ನಾನು ಓಡಿ ಬಂದಿದ್ದು!"

ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಿಯಾದ ನರ್ಸಮ್ಮ ಸುಮ್ಮನೆ ನಂಬುವವರಲ್ಲ. ಕನ್ನಡಕ ಒರೆಸಿಕೊಂಡು ಬಂದು ಕಿಟಕಿಯಲ್ಲಿ ಇಣುಕಿದರು. ಅದೇ ಹೊತ್ತಿಗೆ ಹಿಟ್ಟಿನೊಳಗಿನ ಗುಳ್ಳೆಯೊಂದು ಒಡೆಯಿತೋ ಏನೋ, ರಜಾಯಿ ಮೆಲ್ಲಗೆ ಒಂದು ಸಲ ಮೇಲೆದ್ದು ಕೆಳಗಿಳಿಯಿತು.

"ದಿನ ತುಂಬಿದೆ" ಎಂದರು ನರ್ಸಮ್ಮ. "ಅವಳಿ ಇದ್ರೂ ಇರಬಹುದು. ನಾನು ಚೀಲ ತರ್ತೀನಿ. ನೀನು ದಫೇದಾರರನ್ನ ಕರಿ."

ಮಹಡಿಯ ಮನೆಯ ದಫೇದಾರರು ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಗಾತ್ರವನ್ನು ಬಿಟ್ಟಿರಲಿಲ್ಲ. ಅವರು ಮೆಟ್ಟಿಲಿಳಿದರೆ ಕೆಳಗಿನ ಮನೆಯವರು ಕಪಾಟಿನ ಲೋಟ ಹಿಡಿದುಕೊಳ್ಳುತ್ತಿದ್ದರು. ಅವರು ಬಂದು ಬಾಗಿಲು ಬಡಿದರು.

"ಟೈಲರ್! ತೆಗಿ ಬಾಗಿಲು!"

ಒಳಗಿನಿಂದ ಪಿಸುದನಿ ಬಂತು. "ಮೆಲ್ಲಗೆ ಸ್ವಾಮಿ! ಈಗ ತೆಗೆಯೋ ಹಾಗಿಲ್ಲ. ಗಾಳಿ ತಾಗಬಾರದು."

ನರ್ಸಮ್ಮ ಬಾಗಿಲ ಸಂದಿಗೆ ಬಾಯಿಟ್ಟರು. "ಟೈಲರಣ್ಣ, ಹೆದರಬೇಡ. ನಾನು ಬಂದಿದ್ದೀನಿ. ನಿನ್ನ ಹೆಂಡ್ತಿಗೆ ಈ ವಿಷಯ ಗೊತ್ತಾ?"

"ಗೊತ್ತಿಲ್ದೆ ಏನು? ಎಲ್ಲಾ ಅವಳೇ ಫೋನಲ್ಲಿ ಹೇಳಿಕೊಟ್ಟಿದ್ದು."

ಹೊರಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿ ಅಕ್ಕ ಎದೆಯ ಮೇಲೆ ಕೈಯಿಟ್ಟು ಬಾಗಿಲಿಂದ ಪಕ್ಕಕ್ಕೆ ಸರಿದಳು. ದಫೇದಾರರು ಎರಡು ಹೆಜ್ಜೆ ಹಿಂದೆ ಸರಿದು, ಭುಜ ಕೊಟ್ಟು ಬಾಗಿಲನ್ನು ಒಂದೇ ಏಟಿಗೆ ಒಳಗೆ ತಳ್ಳಿದರು.

ಚಿಲಕ ಒಂದು ಕಡೆ ಹಾರಿತು, ಟೈಲರ್ ಒಂದು ಕಡೆ. ಬಂದ ರಭಸ ದಫೇದಾರರಿಗೆ ತಡೆಯಲಾಗಲಿಲ್ಲ. ನಡುಮನೆ ದಾಟಿ, ಮಲಗುವ ಕೋಣೆ ಹೊಕ್ಕು, ಚಾಪೆಗೆ ಎಡವಿ, ಗಿರ್ರನೆ ಒಂದು ಸುತ್ತು ತಿರುಗಿ, ಹಾಸಿಗೆಯ ಮೇಲೆ, ರಜಾಯಿಯ ಉಬ್ಬಿದ ಜಾಗದಲ್ಲೇ ಕುಕ್ಕರಿಸಿದರು.

ಪುಸ್ಸ್ ಎಂದು ಒಂದು ದೀರ್ಘ ನಿಟ್ಟುಸಿರು ಕೇಳಿಸಿತು.

"ಅಯ್ಯೋ! ಜೀವ ಹೋಯ್ತು!" ಎಂದು ಕಿಟಕಿ ಅಕ್ಕ ಕಿರುಚಿದಳು.

"ಹೋಯ್ತು! ನನ್ನ ಮಾನವೂ ಹೋಯ್ತು!" ಎಂದು ಟೈಲರ್ ತಲೆ ಚಚ್ಚಿಕೊಂಡ.

ದಫೇದಾರರ ಮುಖ ಬಿಳಿಚಿಹೋಯಿತು. ಏಳಲು ನೋಡಿದರು, ಆಗಲಿಲ್ಲ. ಅಳತೆ ತೆಗೆದು ಹೊಲಿಸಿದಂತೆ ಬೋಗುಣಿಯಲ್ಲಿ ಕೂತುಬಿಟ್ಟಿದ್ದರು. ನರ್ಸಮ್ಮ ಒಂದು ಕೈ, ಟೈಲರ್ ಒಂದು ಕೈ ಹಿಡಿದು ಜಗ್ಗಿದಾಗ ರಜಾಯಿಯ ಸಮೇತ ಮೇಲೆದ್ದರು. ಕೆಳಗೆ, ಬಟ್ಟೆ ಮುಚ್ಚಿದ ಬೋಗುಣಿಯೊಳಗೆ, ದಫೇದಾರರ ಆಕಾರವನ್ನು ಅಚ್ಚೊತ್ತಿಕೊಂಡು ಹಿಟ್ಟು ಚಪ್ಪಟೆಯಾಗಿ ಮಲಗಿತ್ತು.

ನರ್ಸಮ್ಮ ಬಟ್ಟೆ ಸರಿಸಿ ನೋಡಿದರು. ಒಣದ್ರಾಕ್ಷಿಯೊಂದನ್ನು ಬೆರಳಿಂದ ಒತ್ತಿದರು. ಅವರ ಬಾಯಿ ಮುಚ್ಚಲೇ ಇಲ್ಲ.

"ಇದು... ಬನ್ನಿನ ಹಿಟ್ಟಾ?"

"ಮತ್ತೇನು ಅಂದ್ಕೊಂಡ್ರಿ?"

ದಫೇದಾರರು ಕೆಮ್ಮಿದರು. ಕಿಟಕಿ ಅಕ್ಕ ಮೊದಲ ಸಲ ಕಿಟಕಿಯಿಂದ ಹೊರಗೆ ನೋಡಿದಳು.

ಟೈಲರ್ ನೆಲದ ಮೇಲೆ ಕೂತು, ಅತ್ತೆ, ತಿಂಗಳು, ಗಿರಾಕಿ ಎಂದು ಅಳುವ ದನಿಯಲ್ಲಿ ಎಲ್ಲವನ್ನೂ ಹೇಳಿದ. ಕೇಳಿದ ಮೇಲೆ ಮೂವರಿಗೂ ನಾಚಿಕೆಯಾಯಿತು. "ಇದ್ದದ್ದರಲ್ಲೇ ಮಾಡೋಣ, ಏಳು" ಎಂದರು ನರ್ಸಮ್ಮ. ಹುಟ್ಟಿದ ಕೂಸನ್ನು ಹಿಡಿಯುವ ಹಾಗೆ ಒಂದೊಂದೇ ಉಂಡೆ ಮಾಡಿ ತಟ್ಟೆಯಲ್ಲಿಟ್ಟರು. ಟೈಲರ್ ನೀರಲ್ಲಿ ಕದಡಿದ ಮೈದಾದಿಂದ ಪ್ರತಿಯೊಂದರ ಮೇಲೂ ಶಿಲುಬೆ ಎಳೆದ, ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಆಗಷ್ಟೇ ಹಚ್ಚಿದ ಓವನ್ನಿನ ಪಕ್ಕದಲ್ಲಿಟ್ಟ ಉಂಡೆಗಳು ಮತ್ತೆ ಸದ್ದಿಲ್ಲದೆ ಉಬ್ಬಿದವು. ದಫೇದಾರರನ್ನು ಮಾತ್ರ ಯಾವ ತಟ್ಟೆಯ ಹತ್ತಿರವೂ ಬಿಡದೆ ಬಾಗಿಲ ಚಿಲಕ ಸರಿಮಾಡಲು ಕೂರಿಸಿದರು.

ಬನ್ನುಗಳು ಓವನ್ನಿನಿಂದ ಹೊರಗೆ ಬಂದಾಗ ನಾಲ್ವರೂ ಸುತ್ತ ನೆರೆದರು. ಹೊಳೆಯುವ ಕಂದು ಬಣ್ಣ, ಹತ್ತಿಯಂಥ ಮೈ, ಬೀದಿಯ ಕೊನೆಯವರೆಗೂ ಚಕ್ಕೆಯ ಘಮ. ನರ್ಸಮ್ಮ ಒಂದನ್ನು ಮುರಿದು ನೋಡಿ, "ಒಳಗಿನ ಗಾಳಿಯೆಲ್ಲ ಹೋಗೋ ಹಾಗೆ ಚೆನ್ನಾಗಿ ಅಮುಕಬೇಕಂತೆ. ಇದನ್ನ ಇವರಷ್ಟು ಚೆನ್ನಾಗಿ ಇನ್ಯಾರು ಅಮುಕ್ತಾರೆ?" ಎಂದರು. ದಫೇದಾರರು ಸಂಕೋಚದಿಂದ ಮೀಸೆ ತಿರುವಿಕೊಂಡರು.

ಅತ್ತೆ ಬಂದರು. ಕೈಯಲ್ಲೊಂದು ಪುಟ್ಟ ಚೀಲ. ಮೇಜಿನ ಮೇಲಿನ ಗುಡ್ಡೆಯನ್ನು ನೋಡಿ ನಿಂತಲ್ಲೇ ನಿಂತರು.

"ಯಾವ ಬೇಕರಿ?"

"ಮನೇಲೇ ಮಾಡಿದ್ದು ಅತ್ತೆ. ನಾನೇ."

"ಹೌದಮ್ಮ, ನಾವೇ ಸಾಕ್ಷಿ" ಎಂದರು ಮೂವರೂ ಒಟ್ಟಿಗೆ.

ಅತ್ತೆ ಒಂದನ್ನು ಎತ್ತಿ ಮೂಸಿದರು. ಬೆಣ್ಣೆ ಸವರಿ ಕಚ್ಚಿದರು. ಕೂತರು. ಎರಡನೆಯದನ್ನೂ ತಿಂದರು. ಮೂರನೆಯದಕ್ಕೆ ಅವರ ಕಣ್ಣಲ್ಲಿ ನೀರು ಬಂತು.

"ಅಳಿಯಂದ್ರೇ, ಮದುವೆಯಾದಾಗಿಂದ ಪ್ರತಿ ಈಸ್ಟರಿಗೂ ಮಾಡ್ತಿದ್ದೀನಿ. ಇಷ್ಟು ಮೆತ್ತಗೆ ನನ್ನ ಕೈಲಿ ಒಂದು ಸಲವೂ ಬಂದಿಲ್ಲ."

ಟೈಲರನ ಎದೆ ಮಧ್ಯಾಹ್ನದ ಹಿಟ್ಟಿಗಿಂತ ಹೆಚ್ಚು ಉಬ್ಬಿತು. "ನಾನು ಚೆನ್ನಾಗೇ ಇದ್ದೀನಿ ಅತ್ತೆ. ನನ್ನ ಬಗ್ಗೆ ಯೋಚನೆಯೇ ಬೇಡ. ನೀವು ನಿಶ್ಚಿಂತೆಯಿಂದ ಹೊರಡಬಹುದು."

"ಹೊರಡೋದೇ?" ಅತ್ತೆ ನಕ್ಕರು. "ನಿಜ ಹೇಳ್ಲಾ? ನಿಮ್ಮ ಕೈಯಡುಗೆ ತಿಂದು ನಾನು ಬದುಕಲ್ಲ ಅಂತ ಇವತ್ತು ರಾತ್ರಿ ಬಸ್ಸಿಗೇ ವಾಪಸ್ ಟಿಕೆಟ್ ತಗೊಂಡು ಬಂದಿದ್ದೆ. ಒಂದು ಸಲ ಮುಖ ನೋಡಿ ಓಡಿಹೋಗೋಣ ಅಂತ. ಒಂದು ಸೀರೆ ಕೂಡ ತಂದಿಲ್ಲ, ನೋಡಿ!"

ಟೈಲರಿಗೆ ಕಿವಿಯಲ್ಲಿ ಗುಂಯ್ ಎಂದಿತು.

ಅತ್ತೆ ಚೀಲದಿಂದ ಟಿಕೆಟ್ಟು ತೆಗೆದು, ಸಂತೋಷದಿಂದ ಚೂರು ಚೂರು ಮಾಡಿ, ಬನ್ನಿನ ತಟ್ಟೆಯ ಪಕ್ಕಕ್ಕೆ ಎರಚಿದರು. "ಇನ್ನೆಲ್ಲಿಗೆ ಹೋಗಲಿ? ಮಗಳು ಬರೋವರೆಗೂ ಇಲ್ಲೇ. ಸೀರೆ ನೀವೇ ಹೊಂದಿಸಿ. ದಿನಾ ಬೆಳಿಗ್ಗೆ ನೀವು ಬನ್ನು ಮಾಡಿ, ನಾನು ಪಕ್ಕದಲ್ಲಿ ಕೂತು ಕಲೀತೀನಿ. ಮಧ್ಯಾಹ್ನ ನಿಮ್ಮ ಅಂಗಡೀಲಿ ಕೂರ್ತೀನಿ."

ನರ್ಸಮ್ಮನಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಕಿಟಕಿ ಅಕ್ಕನಿಗೆ ಮಣ್ಣಿನಲ್ಲಿದ್ದ ಸೀರೆ ನೆನಪಾಯಿತು. ದಫೇದಾರರು ತಾವೇ ಸರಿಮಾಡಿದ ಚಿಲಕ ಸರಿಸಿ, ಹೊರಬಿದ್ದು ಮಹಡಿ ಹತ್ತಿದರು.

ಟೈಲರ್ ಮೇಜಿನ ಅಂಚಿಗೆ ಬಾಗಿ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಜೋಡಿಸತೊಡಗಿದ. ಎಂಥೆಂಥ ಹರಿದದ್ದನ್ನೋ ಗೊತ್ತಾಗದಂತೆ ಕೂಡಿಸಿದ ಬೆರಳುಗಳು. ಊರಿನ ಹೆಸರು ಸಿಕ್ಕಿತು, ಸೀಟಿನ ನಂಬರು ಸಿಕ್ಕಿತು. ತಾರೀಕಿನ ಚೂರೊಂದು ಮಾತ್ರ ಎಲ್ಲೂ ಕಾಣಲಿಲ್ಲ.

ತಲೆಯೆತ್ತಿ ನೋಡಿದ. ಅದು ಅತ್ತೆಯ ನಾಲ್ಕನೆಯ ಬನ್ನಿನ ಬೆಣ್ಣೆಗೆ ಅಂಟಿಕೊಂಡು ಬಾಯಿಯ ಹತ್ತಿರ ಹೋಗಿತ್ತು.