ಬೂದಿಬಾಬುವಿನ ಹೊಸಕ್ಕಿ ಊಟ

ನಿತ್ಯಗೋಪಾಲನ ಅಂಗಳಕ್ಕೆ ಜನ ಬರುವುದು ನಿಂತದ್ದು ಒಂದು ಡಬ್ಬಿ ಕೆಂಪು ಬಣ್ಣದಿಂದ. ನದಿಯಾ ಜಿಲ್ಲೆಯ ಆ ಹಳ್ಳಿಗೆ ಬಂದ ಸರ್ಕಾರದವರು ಅವನ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿದೆಯೆಂದು ಪಂಪಿನ ಮೂತಿಗೆ ಕೆಂಪು ಬಳಿದರು. ಮಿಕ್ಕ ಪಂಪುಗಳ ಸರದಿ ಬರುವಷ್ಟರಲ್ಲಿ ಬಣ್ಣ ಮುಗಿದಿತ್ತು. ಅಂದಿನಿಂದ ಆ ನೀರು ಕುಡಿದ ಅವನ ಗದ್ದೆಯ ಅನ್ನವನ್ನು ಯಾರೂ ಮುಟ್ಟಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನ ಜೊತೆ ಮಾತಾಡಲು ಉಳಿದದ್ದು ಆ ಪಂಪೊಂದೇ. ಅದೂ ಒತ್ತಿದರೆ ಮಾತ್ರ ಕೀಚ್ ಎನ್ನುತ್ತಿತ್ತು.

ಕೃಷಿ ಕಚೇರಿಯ ಸುತಪಾ ಒಂದು ಉಪಾಯ ಹೇಳಿದಳು. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾನ್ ಎಂಬ ಸತ್ವವಿದೆ. ಗದ್ದೆಗೆ ಹಾಕಿದರೆ ಬೇರು ಅದನ್ನು ಹೀರಿಕೊಂಡು ವಿಷವನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಊರಿನ ಒಲೆಗಳಲ್ಲಿ ಉರಿಯುವುದೂ ಅದೇ ಹೊಟ್ಟು. ಬೆಳಗಾದರೆ ನಿತ್ಯಗೋಪಾಲ ಬುಟ್ಟಿ ಹಿಡಿದು ಮನೆಮನೆಗೆ ಹೊರಟ. ಊರು ಅವನನ್ನು ಬೂದಿಬಾಬು ಎಂದಿತು. ಅವನಿಗೇನೂ ಬೇಸರವಿಲ್ಲ. ಬೂದಿ ಸುರಿಯುವಾಗ ಹೆಂಗಸರು ನಾಲ್ಕು ಮಾತಾಡುತ್ತಿದ್ದರಲ್ಲ, ಅದನ್ನೇ ಸಂಜೆಯವರೆಗೆ ಬೆಲ್ಲದ ಚೂರಿನಂತೆ ಚಪ್ಪರಿಸುತ್ತಿದ್ದ.

ಬೂದಿ ಹಾಕಿದ ಬೆಳೆ ಕೊಯ್ಲಾದಾಗ ಸುತಪಾ ಒಂದು ಹಿಡಿ ಅಕ್ಕಿಯನ್ನು ಪರೀಕ್ಷೆಗೆ ಒಯ್ದಿದ್ದಳು. ಇಂದು ನಬಾನ್ನ, ಹೊಸಕ್ಕಿಯ ಹಬ್ಬ. ಪಕ್ಕದಲ್ಲಿ ಒಬ್ಬರಾದರೂ ಕೂತು ಉಣ್ಣಬೇಕು. ಅವನ ಆಸೆ ಇಷ್ಟೇ.

"ಪಿಸಿ, ಮಧ್ಯಾಹ್ನ ನಮ್ಮನೇಲೇ ಊಟ," ಎಂದು ಊರಿಗೆಲ್ಲ ಸೋದರತ್ತೆಯಾದ ಬಿಂದುಬಾಸಿನಿಯನ್ನು ಕರೆದ.

"ಅಯ್ಯೋ ಮಗನೇ, ಹಲ್ಲುನೋವು ಕಣಪ್ಪಾ!" ಎಂದಳು ಪಿಸಿ, ಕಬ್ಬು ಸಿಗಿಯುತ್ತಲೇ.

ಎದುರುಮನೆಯ ಶಶಧರ ನೇರ ಮನುಷ್ಯ. "ನೋಡು ನಿತ್ಯ, ಹಬ್ಬದ ಮೊದಲ ತುತ್ತು ಕಾಗೆಗೆ ತಾನೇ? ಅದು ತಿಂದು ಬದುಕಿದ್ರೆ ನಾನೂ ಬರ್ತೀನಿ. ಸತ್ರೆ ನೀನೂ ತಿನ್ಬೇಡ."

ಮಧ್ಯಾಹ್ನದ ಹೊತ್ತಿಗೆ ಇಡೀ ಕೇರಿ ಬೇಲಿಗೆ ಒರಗಿತ್ತು. ಕಾಗೆ ಬಂತು, ತಿಂತು, ಬೇಲಿಯ ಮೇಲೆ ಕೂತು ಕಣ್ಣು ಮುಚ್ಚಿತು.

"ಹೋಯ್ತು!" ಎಂದು ಪಿಸಿ ಎದೆ ಬಡಿದುಕೊಂಡಳು.

"ನೀರು ತನ್ರೋ! ಆ ಪಂಪಿಂದ ಬೇಡ್ರೋ!" ಎಂದು ಶಶಧರ ಕೂಗಿದ.

ಕಾಗೆ ಒಂದು ಕಣ್ಣು ತೆರೆಯಿತು. ಅಲ್ಲೇ ಇದ್ದ ಶಶಧರನ ಹೆಗಲಿಗೆ ಕೊಕ್ಕು ಒರೆಸಿ, ಎರಡನೇ ಸಲ ಬಡಿಸಿಕೊಳ್ಳಲು ಇಳಿಯಿತು.

ಇನ್ನೇನು ಬೇಕು! ಜನ ಸಾಲಾಗಿ ಕೂತರು. ಪಿಸಿಯ ಹಲ್ಲುನೋವು ಎಲ್ಲರಿಗಿಂತ ಮೊದಲು ಕೂತಿತು. ಹಾಲು, ಕಾಯಿತುರಿ, ಈಚಲ ಬೆಲ್ಲದಲ್ಲಿ ಕಲೆಸಿದ ಹೊಸಕ್ಕಿಯನ್ನು ನಿತ್ಯಗೋಪಾಲ ಎಲೆಎಲೆಗೂ ಒಂದು ಹಿಡಿ ಹೆಚ್ಚೇ ಬಡಿಸಿದ. ಎಷ್ಟೋ ವರ್ಷದ ಮೇಲೆ ಅವನ ಅಂಗಳಕ್ಕೆ ಇಷ್ಟು ಮನುಷ್ಯರು ಇಳಿದಿದ್ದರು.

ಆಗಲೇ ಸುತಪಾಳ ಸ್ಕೂಟರು ಬಂತು. "ದಾದಾ, ಗೆದ್ರಿ! ನಿಮ್ಮ ಅಕ್ಕೀಲಿ ವಿಷ ಮಿತಿಯೊಳಗಿದೆ, ಬೂದಿ ಕೆಲಸ ಮಾಡಿದೆ. ಊರಿನ ಮಿಕ್ಕ ಪಂಪು ಇವೆಯಲ್ಲ, ಅವುಗಳಲ್ಲೇ ಇನ್ನೂ ಜಾಸ್ತಿ!"

"ಇಳಿಯಮ್ಮಾ, ಒಂದು ತುತ್ತು..."

"ಇನ್ನೂ ಮೂರು ಊರು ತಿರುಗ್ಬೇಕು ದಾದಾ!" ಸ್ಕೂಟರು ಹೋಗಿಯೇಬಿಟ್ಟಿತು.

ಬಾಯಿಗೆ ಹೊರಟಿದ್ದ ಕೈಗಳೆಲ್ಲ ಅರ್ಧದಲ್ಲೇ ನಿಂತವು. ಪಿಸಿ ಧಡಕ್ಕನೆ ಎದ್ದಳು. "ನಮ್ಮ ಸೊಸೆ ಒಲೆ ಗುಡಿಸ್ತಾ ಇದ್ಲು! ಏ ಲಕ್ಖೀ, ಬೂದಿ ಚೆಲ್ಬೇಡ್ವೇ, ನಮ್ಮ ಗದ್ದೆಗೇ ಬೇಕು!"

ಬೆಂಕಿ ಬಿದ್ದ ಗೂಡಿನಂತೆ ಪಂಕ್ತಿ ಚದುರಿತು. ಶಶಧರ ಜಗಲಿಯ ಮೇಲಿದ್ದ ಬುಟ್ಟಿಯನ್ನೂ ಎತ್ತಿಕೊಂಡ. "ಬೆಳಿಗ್ಗೆ ನಮ್ಮ ಒಲೇಲಿದ್ದ ಬೂದಿ ಅಲ್ವೇನೋ ಇದು?"

ಅಂಗಳದ ತುಂಬ ಬಡಿಸಿಟ್ಟ ಎಲೆಗಳು. ನಿತ್ಯಗೋಪಾಲ ಒಂದರ ಮುಂದೆ ಕೂತು ಬೇಲಿಯತ್ತ ನೋಡಿ, "ನೀನಾದ್ರೂ ಬಾರೋ," ಎಂದ. ಕಾಗೆಗೆ ಹೊಟ್ಟೆ ತುಂಬಿತ್ತು.

ಮರುದಿನ ಬೆಳಿಗ್ಗೆ ಅವನು ಹಳೇ ಬಕೆಟ್ಟು ಹಿಡಿದು ಹೊರಟ. ಯಾವ ಬಾಗಿಲೂ ತೆರೆಯಲಿಲ್ಲ.

"ಬೂದಿ ಇಲ್ಲ," ಎಂದವು ಎಲ್ಲವೂ, ಒಳಗಿನಿಂದಲೇ.

ನಾಲ್ಕು ಮಾತು ಎರಡಕ್ಕೆ ಇಳಿದಿತ್ತು. ಅವನು ಮನೆಗೆ ಬಂದು, ಖಾಲಿ ಬಕೆಟ್ಟು ಕೆಳಗಿಟ್ಟು, ಪಂಪು ಒತ್ತಿದ.

"ಕೀಚ್," ಎಂದಿತು ಅದು.