ಮಾವನ ಬೆಲ್ಟು, ಅತ್ತೆಯ ಸೆರಗು

ಸೈಕಲ್ಲಿನ ಚೈನಿನ ಮೇಲೆ ಆರು ವರ್ಷ ಹಗೆ ಸಾಧಿಸಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ದಾಯಾದಿಗಳ ಮೇಲೆ ಹಗೆ ಸಾಧಿಸುವವರನ್ನು ಕಂಡಿರುತ್ತೀರಿ. ನಾಲೆ ನೀರಿಗೆ ಬಡಿದಾಡಿಕೊಂಡವರನ್ನು, ಪಂಚಾಯಿತಿ ಚುನಾವಣೆಯಲ್ಲಿ ಸೋತು ಇಡೀ ಊರಿನ ಮೇಲೆ ಹಲ್ಲು ಮಸೆಯುವವರನ್ನು ಕಂಡಿರುತ್ತೀರಿ. ಆದರೆ ತಿಂಗಳಿಗೊಮ್ಮೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟರೆ ತೆಪ್ಪಗೆ ಸುತ್ತಿಕೊಂಡಿರುವ ಒಂದು ಬಡಪಾಯಿ ಚೈನನ್ನು ಪರಮ ಶತ್ರು ಅಂತ ಸಾರಿದ ಮಹಾನುಭಾವರು ನಮ್ಮ ಸೀಮೆಯಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ ಆಗಿದ್ದು ನನ್ನ ಪೂರ್ವಜನ್ಮದ ಸುಕೃತ!

ಮಾವನಿಗೆ ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಒಂದು ಹಿಟ್ಟಿನ ಮಿಲ್ಲಿತ್ತು. ಮೋಟರಿನಿಂದ ಬೀಸುವ ಕಲ್ಲಿಗೆ ಒಂದು ಅಗಲವಾದ ಬೆಲ್ಟು. ಬೆಳಗಿನಿಂದ ಸಂಜೆಯವರೆಗೆ ಆ ಬೆಲ್ಟು ಓಡುವುದನ್ನು ನೋಡಿ ನೋಡಿ ಮಾವನಿಗೆ ಲೋಕವೇ ಬೆಲ್ಟಿನ ಮೇಲೆ ನಿಂತಿರುವಂತೆ ಕಾಣುತ್ತಿತ್ತು. ರಾಗಿ ಬೀಸಿಸಲು ಬಂದ ಹೆಂಗಸರು ಹಿಟ್ಟು ಬೇಗ ಕೊಟ್ಟರೆ ಸಾಕು ಅಂತ ಕಾಯುತ್ತಿದ್ದರೆ, ಮಾವ ಅವರಿಗೆ ಬೆಲ್ಟಿನ ಗುಣಗಾನ ಮಾಡುತ್ತಿದ್ದರು. "ಎಣ್ಣೆ ಕೇಳಾಕಿಲ್ಲ, ಮಸಿ ಬುಡಾಕಿಲ್ಲ, ಕಟಕಟ ಅನ್ನಾಕಿಲ್ಲ. ಬೆಲ್ಟು ಅಂದ್ರೆ ಸಂಭಾವಿತ ಕಣಮ್ಮ." ಅದೇ ಸಂಭಾವಿತ ಬೆಲ್ಟು ಒಂದು ಸಲ ಮಾವನ ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡು, ಮೂರು ಸುತ್ತು ಹಾಕಿಸಿ, ಚಿಂದಿ ಮಾಡಿ ಗೋಡೆಗೆ ಎಸೆದಿತ್ತು. ಆ ವಿಷಯವನ್ನು ನಾವು ಯಾರೂ ಎತ್ತುವ ಹಾಗಿರಲಿಲ್ಲ.

ಇಷ್ಟಕ್ಕೂ ಚೈನು ಮಾಡಿದ ತಪ್ಪೇನು? ಅದು ನಮ್ಮ ಬಂಧುಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ. ಮದುವೆಯಾದ ಮೊದಲ ಗೌರಿ ಹಬ್ಬ. ಅತ್ತೆಯ ತವರು ಕೆ.ಆರ್. ಪೇಟೆ ಕಡೆ. ಹೊಸ ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಮಾವ ರಾಜಗಾಂಭೀರ್ಯದಿಂದ ತುಳಿಯುತ್ತಾ ಹೊರಟರು. ಅತ್ತೆ ಉಟ್ಟಿದ್ದು ಧಾರೆ ಸೀರೆ. ಚಿನಕುರಳಿ ದಾಟಿದ ಮೇಲೆ ಗಾಳಿ ಎದ್ದು, ಸೆರಗು ಬಲಗಡೆಗೆ ಹಾರಿ, ಚೈನು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡಿತು. ಅತ್ತೆ ಬಿದ್ದರು, ಸೈಕಲ್ಲೂ ಬಿತ್ತು. ಮಾವ ಎದ್ದವರೇ ಆಡಿದ ಮೊದಲ ಮಾತು ಹೀಗಿತ್ತು: "ಅಯ್ಯೋ, ಚೈನ್ ಕಿತ್ತೋಯ್ತಾ?"

ಗಂಡಸರು ಎಂತೆಂಥ ಸಂದರ್ಭದಲ್ಲಿ ಎಂತೆಂಥ ಮಾತಾಡುತ್ತಾರೆ ನೋಡಿ! ಅತ್ತೆ ಧೂಳಿನಲ್ಲಿ ಕೂತು ಗಂಡನ ಮುಖ ನೋಡಿದರಂತೆ. ಗಂಡ ಚೈನಿನ ಮುಖ ನೋಡುತ್ತಿದ್ದರಂತೆ. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯುತ್ತಿದ್ದವನು ಕುಡುಗೋಲು ತಂದು ಒಂದು ಮೊಳ ಸೆರಗು ಕೊಯ್ದು ಬಿಡಿಸಿದ. ಅತ್ತೆ ಎದ್ದು ಮಣ್ಣು ಕೊಡವಿಕೊಂಡು, "ಈ ಚೈನ್ ಇರೋ ಗಂಟ ನಾನು ಈ ಸೈಕಲ್ ಮ್ಯಾಕೆ ಕೂರಾಕಿಲ್ಲ" ಅಂದರು. ನಡೆದು ಹೋಗಿ ಮುಂದಿನ ಸ್ಟಾಪಿನಲ್ಲಿ ಬಸ್ಸು ಹತ್ತಿದರು.

ಮುಗಿಯಿತು. ಅವತ್ತಿನಿಂದ ಗಂಡ ಹೆಂಡತಿ ಒಂದೇ ಮನೆಯಿಂದ ಹೊರಟು, ಒಂದೇ ಮದುವೆಗೆ ಹೋಗಿ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು; ದಾರಿ ಮಾತ್ರ ಬೇರೆ. ಅತ್ತೆ ಬಸ್ಸು, ಮಾವ ಸೈಕಲ್ಲು. ಮಾವನೂ ಬಸ್ಸು ಹತ್ತಬಹುದಿತ್ತಲ್ಲ ಅನ್ನುತ್ತೀರಾ? ಹತ್ತಿದರೆ ಸೋತ ಹಾಗಲ್ಲವೇ? ಮನೆಯಲ್ಲಿ ಜಗಳವಿರಲಿಲ್ಲ. ಅತ್ತೆ ಮುದ್ದೆ ಮುರಿದು ಇಕ್ಕುತ್ತಿದ್ದರು, ಮಾವ ಸಂತೆಯಿಂದ ಮಲ್ಲಿಗೆ ತರುತ್ತಿದ್ದರು. ಕ್ಯಾರಿಯರ್ ಮಾತ್ರ ಖಾಲಿ. ಮಾವನ ಜೀವನದ ಗುರಿ ಆ ಖಾಲಿ ಕ್ಯಾರಿಯರ್ ತುಂಬಿಸುವುದು. ಅದಕ್ಕೆ ಅವರು ಕಂಡುಕೊಂಡ ದಾರಿ ಸೈಕಲ್ಲಿಗೆ ಬೆಲ್ಟು ಹಾಕುವುದು!

ಶ್ರೀರಂಗಪಟ್ಟಣದಲ್ಲಿ ಮಾವನ ಸೈಕಲ್ಲು ರಿಪೇರಿ ಮಾಡುತ್ತಿದ್ದ ಒಬ್ಬ ಸಾಬರಿದ್ದರು. ವಿಷಯ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. "ಅರೇ ಗೌಡ್ರೆ, ಒಂದು ಫುಲ್ ಚೈನ್ ಕವರ್ ಹಾಕ್ಕೊಡ್ತೀನಿ. ಸೀರೆ ಅಲ್ಲ, ಸೊಳ್ಳೇನೂ ಒಳಗೆ ಹೋಗಲ್ಲ. ಹತ್ತು ನಿಮಿಷದ ಕೆಲಸ."

ಮಾವ ಒಪ್ಪಲಿಲ್ಲ. "ಕಳ್ಳಂಗೆ ಕಂಬ್ಳಿ ಒದ್ದಿಸ್ಬುಟ್ರೆ ಒಳ್ಳೇವ್ನಾಗೋಯ್ತನಾ ಸಾಬ್ರೆ? ಒಳಗಡೆ ಇರಾದು ಅವ್ನೇ ತಾನೆ?"

ಸಾಬರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ಆಗ ತಾನೆ ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನ್ನನ್ನು ಮಾವ ಸಾಕ್ಷಿಗೆಂದು ಕರೆದುಕೊಂಡು ಹೋಗಿದ್ದರು. "ಏಳ್ಲಾ, ಸೈನ್ಸಲ್ಲಿ ಬೆಲ್ಟು ಇಲ್ವಾ?" ಅಂದರು. ಇದೆ ಅಂದೆ. ಅಷ್ಟೇ ನಾನು ಅಂದದ್ದು. ಊರಿಗೆ ಬರುವಷ್ಟರಲ್ಲಿ ಅದು "ನಮ್ ಮೇಷ್ಟ್ರೇ ಏಳವ್ನೆ, ಚೈನ್ ತಪ್ಪಂತೆ" ಅಂತ ಆಗಿತ್ತು.

ಮೊದಲ ಮಾದರಿ ಚಪ್ಪಟೆ ಬೆಲ್ಟಿನದು. ಆಚಾರಿಯಿಂದ ಎರಡು ಮರದ ಗಾಲಿ ಮಾಡಿಸಿ, ಒಂದನ್ನು ಪೆಡಲಿನ ಹತ್ತಿರ, ಇನ್ನೊಂದನ್ನು ಹಿಂದಿನ ಚಕ್ರಕ್ಕೆ ಕೂರಿಸಿದರು. ಮಿಲ್ಲಿನ ಹಳೇ ಬೆಲ್ಟನ್ನು ಸೀಳಿ, ಎರಡು ತುದಿ ಸೇರಿಸಿ ಚಪ್ಪಲಿ ಹೊಲಿಯುವವರಿಂದ ಹೊಲಿಸಿದರು. ಹೊಲಿಗೆ ಗಾಲಿಯ ಮೇಲೆ ಬಂದಾಗಲೆಲ್ಲ ಟಪ್ ಅನ್ನುತ್ತಿತ್ತು. ಮಾವ ಊರಿನ ಯಾವ ಬೀದಿಯಲ್ಲಿದ್ದಾರೆ ಅಂತ ಅತ್ತೆ ಒಲೆಯ ಮುಂದೆ ಕೂತೇ ಹೇಳುತ್ತಿದ್ದರು.

ಆದರೆ ಬೆಲ್ಟು ಜಾರುತ್ತಿತ್ತು. ಏರು ಬಂತೋ, ಪೆಡಲು ತಿರುಗುತ್ತಿತ್ತು, ಚಕ್ರ ನಿಂತಿರುತ್ತಿತ್ತು. ಮಾವನ ಕಾಲುಗಳು ಕೆ.ಆರ್. ಪೇಟೆ ಮುಟ್ಟಿದ್ದರೂ ಸೈಕಲ್ಲು ಚಿನಕುರಳಿಯಲ್ಲೇ ಇರುತ್ತಿತ್ತು! ಮಿಲ್ಲಿನಲ್ಲಿ ಬೆಲ್ಟು ಜಾರಿದರೆ ಹಿಡಿತಕ್ಕೆ ರಾಳದ ಪುಡಿ ಹಾಕುತ್ತಾರೆ. ನಾಗಮಂಗಲದಲ್ಲಿ ನೆಂಟರ ಮದುವೆಗೆ ಹೊರಟ ದಿನ ರಾಳ ಮುಗಿದಿತ್ತು. ನಮ್ಮ ಸೀಮೆಯಲ್ಲಿ ಅಂಟಿಗೇನು ಬರ? ಮಿಲ್ಲಿನ ಪಕ್ಕದಲ್ಲೇ ಆಲೆಮನೆ. ಮಾವ ಒಂದು ಲೋಟ ಬಿಸಿ ಬೆಲ್ಲದ ಪಾಕ ತಂದು ಬೆಲ್ಟಿಗೆ ಉದ್ದಕ್ಕೂ ಸವರಿದರು. ಬೆಲ್ಟು ಗಾಲಿಯನ್ನು ಕಚ್ಚಿ ಹಿಡಿದುಕೊಂಡಿತು. ನಾಗಮಂಗಲದವರೆಗೆ ಒಂದು ಸಲವೂ ಜಾರಲಿಲ್ಲ.

ಮದುವೆ ಮನೆಯವರ ಮುಂದೆಲ್ಲ ಈ ಸಾಹಸ ಹೇಳಿಕೊಂಡು ಮಾವ ಎರಡು ಸಲ ಪಾಯಸ ಹಾಕಿಸಿಕೊಂಡರು. ಅಷ್ಟರಲ್ಲಿ ಅಡಿಗೆ ಚಪ್ಪರದ ಪಕ್ಕ ನಿಲ್ಲಿಸಿದ್ದ ಸೈಕಲ್ಲಿಗೂ ಊಟಕ್ಕೆ ನೆಂಟರು ಬಂದಿದ್ದರು. ಕಟ್ಟಿರುವೆಗಳು ಚಕ್ರ ಹತ್ತಿ, ಬೆಲ್ಟು ಸುತ್ತಿ, ಸೀಟಿನವರೆಗೂ ಸಾಲು ಹಿಡಿದಿದ್ದವು. ಮಾವ ನೋಡದೆ ಹತ್ತಿ ಕೂತರು. ಆಮೇಲೆ ಅವರು ನಾಗಮಂಗಲದ ಬಸ್ ಸ್ಟ್ಯಾಂಡಿನ ಎದುರು ಪಂಚೆ ಎತ್ತಿಕೊಂಡು ಕುಣಿದ ಕುಣಿತವನ್ನು ನಾನು ವರ್ಣಿಸುವುದಿಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಅತ್ತೆ ಪಕ್ಕದಲ್ಲಿದ್ದ ನನಗೆ ಅಂದದ್ದು ಇಷ್ಟೇ: "ಚೈನು ಸೀರೆ ತಿಂದಿತ್ತು. ಬೆಲ್ಟು ಮನುಸ್ನನ್ನೇ ತಿಂತದಲ್ಲ ಮಗ."

ಎರಡನೇ ಮಾದರಿಗೆ ಮಾವ ಎರಡು ವರ್ಷ ಯೋಚನೆ ಮಾಡಿದರು. ಹೊಲಿಗೆಯೇ ಇಲ್ಲದ, ಒಂದೇ ಸುತ್ತಿನ ವಿ-ಬೆಲ್ಟು ಹಾಕಬೇಕು. ಇಲ್ಲೊಂದು ತೊಡಕು. ಚೈನಾದರೆ ಒಂದು ಕೊಂಡಿ ಕಳಚಿ ಹಾಕಬಹುದು. ಈ ಬೆಲ್ಟು ಬಳೆ ಇದ್ದ ಹಾಗೆ, ಬಾಯಿಲ್ಲ. ಸೈಕಲ್ಲಿನ ಹಿಂದಿನ ಭಾಗವೋ ಮೂರು ಪೈಪು ಸೇರಿ ಮುಚ್ಚಿಕೊಂಡಿದೆ. ಬೆಲ್ಟು ಅದರೊಳಗೆ ಹೋಗುವುದು ಹೇಗೆ? ನೀವಾಗಿದ್ದರೆ, ನಾನಾಗಿದ್ದರೆ, ಅಲ್ಲಿಗೆ ಬಿಟ್ಟುಬಿಡುತ್ತಿದ್ದೆವು. ಮಾವ ಗರಗಸ ತಂದರು.

"ಮಾವ, ಬಳೆ ತೊಡ್ಸಕ್ಕೆ ಯಾರಾದ್ರೂ ಕೈ ಕುಯ್ತಾರಾ?" ಅಂದೆ.

"ಕುಯ್ದು ಮತ್ತೆ ಸೇರುಸ್ತೀನಿ ಕಣ್ಲಾ. ಡಾಕ್ಟ್ರು ಮಾಡಾಕಿಲ್ವಾ?" ಅಂದರು.

ಪೈಪು ಕೊಯ್ದರು, ಬೆಲ್ಟು ಒಳಗೆ ತೂರಿಸಿದರು, ಕೊಯ್ದ ಜಾಗಕ್ಕೆ ಕಬ್ಬಿಣದ ಪಟ್ಟಿ ಸುತ್ತಿ ಎರಡು ಬೋಲ್ಟು ಬಿಗಿದರು. ಸಾಬರಿಗೆ ತೋರಿಸಿಯೇ ತೀರಬೇಕು ಅಂತ ಶ್ರೀರಂಗಪಟ್ಟಣಕ್ಕೆ ಹೊರಟರು. ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ, ನಾಚಿಕೆಗೆಟ್ಟ ಚೈನನ್ನೇ ನಂಬಿಕೊಂಡು, ನಾನು. ಬಾಬುರಾಯನಕೊಪ್ಪಲಿನವರೆಗೆ ಎಲ್ಲ ಸುಸೂತ್ರ. ಅಲ್ಲಿ ರಸ್ತೆಗೆ ಹೊಸದಾಗಿ ಹಾಕಿದ್ದ ಉಬ್ಬು ಬಂತು. ಬೋಲ್ಟು ಸಡಿಲವಾಗಿ, ಹಿಂದಿನ ಚಕ್ರ ಮುಂದಿನ ಚಕ್ರದ ಮಾತು ಕೇಳುವುದನ್ನು ಬಿಟ್ಟಿತು. ಮಾವ ನೇರ ಹೋಗುತ್ತಿದ್ದೇನೆ ಅಂದುಕೊಂಡು ಒಂದು ಎಳನೀರಿನ ರಾಶಿಗೆ ಹೋದರು. ಸೈಕಲ್ಲನ್ನು ಹೊತ್ತುಕೊಂಡು ಸಾಬರ ಅಂಗಡಿ ಮುಟ್ಟಿದಾಗ ಅವರು ಕನ್ನಡಕ ಏರಿಸಿ, ಕೊಯ್ದ ಪೈಪು ಸವರಿ, "ಯಾ ಅಲ್ಲಾ" ಅಂದರು. ಆಮೇಲೆ, "ಗೌಡ್ರೆ, ನಿಮ್ಮನೇವ್ರನ್ನ ಒಂದ್ ಸಲ ಕೂತ್ಕೋ ಅಂತ ಬಾಯಿಬಿಟ್ಟು ಕೇಳಿದೀರಾ?" ಅಂದರು. ಮಾವ ಆ ಮಾತು ಕೇಳಿಸದವರ ಹಾಗೆ ಬೋಲ್ಟಿನ ಅಳತೆ ತೆಗೆಯುತ್ತಿದ್ದರು.

ಹೀಗೆ ಅತ್ತೆ ಬಿದ್ದ ಮೇಲಿನ ಆರನೇ ಗೌರಿ ಹಬ್ಬ ಬಂತು. ಈ ಸಲ ಪೈಪಿಗೆ ದಪ್ಪ ಪಟ್ಟಿ, ನಾಲ್ಕು ಬೋಲ್ಟು, ಹೊಚ್ಚ ಹೊಸ ಬೆಲ್ಟು. ಹಿಂದಿನ ದಿನ ಮಾವ ನನ್ನ ಮುಂದೆಯೇ ಅತ್ತೆಗೆ ಪಂಥ ಒಡ್ಡಿದರು. "ಈ ಸಲ ಬೆಲ್ಟು ನಿಮ್ಮೂರು ಮುಟ್ಟಿದ್ರೆ, ವಾಪಸ್ ಬರೋವಾಗ ಕ್ಯಾರಿಯರ್ ಮ್ಯಾಕೆ ಕೂರ್ಬೇಕು."

ಅತ್ತೆ ಒಬ್ಬಟ್ಟಿನ ಹಿಟ್ಟು ನಾದುತ್ತಿದ್ದವರು ತಲೆ ಎತ್ತದೆ, "ಮೊದ್ಲು ಮುಟ್ಲಿ" ಅಂದರು. ಇಲ್ಲ ಅನ್ನಲಿಲ್ಲ. ಆರು ವರ್ಷದಲ್ಲಿ ಕ್ಯಾರಿಯರ್ ಮಾತು ಅವರಿಬ್ಬರ ನಡುವೆ ಬಂದದ್ದೇ ಅದು ಮೊದಲು. ಮಾವ ರಾತ್ರಿಯಿಡೀ ನಿದ್ದೆ ಮಾಡದೆ, ಕೋಳಿ ಕೂಗುವುದಕ್ಕೇ ಹೊರಟುಬಿಟ್ಟರು.

ಅತ್ತೆಯ ಗಂಟುಮೂಟೆ ಹೊರುವ ಕೆಲಸ ಪ್ರತಿವರ್ಷದಂತೆ ನನ್ನದು. ಬಸ್ಸಿನಲ್ಲಿ ಕೂತೆವು. ಅತ್ತೆ ಅದೇ ಧಾರೆ ಸೀರೆ ಉಟ್ಟಿದ್ದರು, ಸೆರಗು ಒಂದು ಮೊಳ ಗಿಡ್ಡ. ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು. ಚಿನಕುರಳಿ ದಾಟಿದ ಮೇಲೆ ಬಸ್ಸಿನವರೆಲ್ಲ ಒಬ್ಬೊಬ್ಬರಾಗಿ ಕಿಟಕಿಯ ಕಡೆ ಬಾಗಿ ನಗತೊಡಗಿದರು. ನಾನೂ ಬಾಗಿದೆ. ಮಾವ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದರು. ಹರಿದ ಬೆಲ್ಟು ಹೆಗಲ ಮೇಲೆ ಟವೆಲಿನ ಹಾಗೆ ಜೋತುಬಿದ್ದಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ವಿಜ್ಞಾನದ ಮೇಷ್ಟ್ರಲ್ಲವೇ, ಹಕ್ಕಿತ್ತು.

ಅತ್ತೆ ನಗಲಿಲ್ಲ. "ಕಂಡಕ್ಟ್ರೆ, ನಿಲ್ಸಪ್ಪ" ಅಂದರು.

"ಇಲ್ಲಿ ಸ್ಟಾಪಿಲ್ಲ ಕಣಮ್ಮ."

"ನಂಗೈತೆ, ನಿಲ್ಸು."

ಬಸ್ಸು ನಿಂತಿತು. ನಾನು ಏಳಲು ಹೋದರೆ, "ನೀನು ಓಗ್ಲಾ, ಅವ್ವಂಗೆ ವಸಿ ತಡವಾಯ್ತದೆ ಅಂತ ಏಳು" ಅಂದು ಇಳಿದು, ಹಿಂದಕ್ಕೆ ನಡೆದು ಹೋಗಿ ಮಾವನ ಎದುರು ನಿಂತರು. ಮಾವ ತಲೆ ಬಗ್ಗಿಸಿದರು. ಅತ್ತೆ ಹೋಗಿ ಕ್ಯಾರಿಯರ್ ಹತ್ತಿ ಕೂತರು.

ನನಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಅತ್ತೆ, ನಿನ್ನ ಆಣೆ ಏನಾಯ್ತು?" ಅಂತ ಕೂಗಿದೆ.

"ಚೈನ್ ಎಲ್ಲೈತ್ಲಾ?" ಅಂದರು ಅತ್ತೆ.

ನಿಜ, ಚೈನಿರಲಿಲ್ಲ. ಬೆಲ್ಟೂ ಇರಲಿಲ್ಲ. ಎರಡು ಚಕ್ರ, ಒಂದು ಕ್ಯಾರಿಯರ್, ತಳ್ಳಲು ಒಬ್ಬ ಗಂಡ. ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಗಾಳಿಗೆ ಬಿಟ್ಟರು. ಮಾವ ಹ್ಯಾಂಡಲ್ ಹಿಡಿದು ಎರಡು ಹೆಜ್ಜೆ ಇಟ್ಟರು. ಹೆಗಲಿನ ಬೆಲ್ಟು ಜಾರಿ ರಸ್ತೆಗೆ ಬಿತ್ತು. ಅದರ ಕಡೆ ನೋಡಲೂ ಇಲ್ಲ. ಹೆಂಡತಿಯ ಮುಖ ನೋಡಿ ಕೇಳಿದರು:

"ಅವತ್ತು ಬಿದ್ದಾಗ ನೋವಾಗಿತ್ತಾ ಅಮ್ಮಿ?"

"ಮೊಣಕೈ ತರಚಿತ್ತು. ಈಗ ವಾಸಿಯಾಗೈತೆ. ನಡೀರಿ."

ಬಸ್ಸು ಹೊರಟಿತು. ನಾನು ಹಿಂದಿನ ಗಾಜಿನಿಂದ ಅವರು ಕಾಣುವಷ್ಟು ದೂರ ನೋಡಿದೆ. ನನಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಹತ್ತು ನಿಮಿಷದ ಕವರಿನಿಂದ ವಾಸಿಯಾಗದ್ದು ಏನು ಅಂತ ಸಾಬರಿಗೆ ತಿಳಿದಿತ್ತು. ಬಿ.ಎಸ್ಸಿ. ಓದಿದ ನನಗೆ ತಿಳಿದಿರಲಿಲ್ಲ.

ಅತ್ತೆಯ ತವರಿನಲ್ಲಿ ಗಂಟು ಇಳಿಸುತ್ತಿದ್ದಂತೆ ಅವರ ಅವ್ವ, ಇಬ್ಬರೂ ಬೇರೆ ಬೇರೆ ಬರುವುದು ರೂಢಿಯಾದ್ದರಿಂದ, "ಮಗಳೆಲ್ಲಿ? ಅಳಿಮಯ್ಯ ಎಲ್ಲಿ?" ಅಂತ ಬೇರೆ ಬೇರೆಯಾಗಿ ಕೇಳಿದರು.

"ಇಬ್ರೂ ಒಟ್ಗೆ ಬತ್ತಾವ್ರೆ ಕಣಜ್ಜಿ" ಅಂದೆ.

ಅಜ್ಜಿ ಒಲೆಯ ಮೇಲಿನ ಕಡುಬು ಹಾಗೇ ಬಿಟ್ಟು, ಕೈ ಒರೆಸಿಕೊಳ್ಳುತ್ತಾ ಬಂದು ಬೀದಿ ಬಾಗಿಲಲ್ಲಿ ನಿಂತರು.